ಗುಡಿ ಬಿಚ್ಚಿದಾಗ ಸಿಕ್ಕ ತೊಲೆ: ಕಾರ್ಬನ್ ಪರೀಕ್ಷೆ ಮಾಡಿಸಿದರೆ ದೇವಸ್ಥಾನದ ವಯಸ್ಸು ಗೊತ್ತಾಗುತ್ತಾ?

ಚಿಂತಾಮಣಿ ಮಂಜು

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಸಣ್ಣ ಊರು. ಊರ ಗುಡಿಯ ಜೀರ್ಣೋದ್ಧಾರ ನಡೆಯುತ್ತಿದೆ. ಗರ್ಭಗುಡಿ ಕಲ್ಲಿನದು, ಅದನ್ನು ಯಾರೂ ಮುಟ್ಟಿಲ್ಲ. ಮುಂದಿನ ಮಂಟಪದ ಮೇಲೆ ಗಾರೆ ತಾರಸಿ ಇತ್ತು. ಮಳೆ ಬಂದರೆ ಸೋರುತ್ತಿತ್ತು ಅಂತ ಬಿಚ್ಚಿದರು. ಒಳಗಿಂದ ಮರದ ತೊಲೆ, ಜಂತೆ ಎಲ್ಲಾ ಬಂತು. ಒಂದು ತೊಲೆ ಹತ್ತಡಿ ಮೇಲೇ ಇದೆ. ಒಂದು ಪಕ್ಕಕ್ಕೆ ಹೂಬಳ್ಳಿ ಕೆತ್ತಿದ್ದಾರೆ, ಮಿಕ್ಕ ಮೂರು ಪಕ್ಕ ಹೊಗೆ ಹಿಡಿದು ಕಪ್ಪಾಗಿದೆ.

ಕಮಿಟಿಯವರು ಹೊಸ ಕಮಾನಿನ ಮೇಲೆ "2000 ವರ್ಷಗಳ ಇತಿಹಾಸವುಳ್ಳ" ಅಂತ ಬರೆಸಬೇಕು ಅನ್ನುತ್ತಿದ್ದಾರೆ. ಕಮಿಟಿಯಲ್ಲಿ ನಮ್ಮ ಚಿಕ್ಕಪ್ಪನೇ ಇರೋದು, ಹಾಗಾಗಿ ಬೇಡ ಅಂತ ಜೋರಾಗಿ ಹೇಳೋಕೂ ಆಗಲ್ಲ. ತೊಲೆಯ ಒಂದು ತುಂಡು ಲ್ಯಾಬಿಗೆ ಕಳಿಸಿದರೆ ಗುಡಿಯ ವಯಸ್ಸು ಹೇಳುತ್ತಾರಾ? ಮರವನ್ನೆಲ್ಲ ಸದ್ಯದಲ್ಲೇ ಹರಾಜು ಹಾಕುತ್ತಾರಂತೆ. ಗೊತ್ತಿರುವವರು ಸ್ವಲ್ಪ ಬೇಗ ಹೇಳಿ.

ಪಾವಗಡ ಬಿಸಿಲು

2000 ಯಾಕೆ, 5000 ಅಂತಲೇ ಬರೆಸಿ. ಜನಮೇಜಯ ಪ್ರತಿಷ್ಠೆ ಮಾಡಿದ್ದು ಅಂದುಬಿಟ್ಟರೆ ಲ್ಯಾಬೂ ಬೇಡ, ಖರ್ಚೂ ಇಲ್ಲ. ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ. ಆವಣಿಯಲ್ಲಿ ಲವಕುಶರು ಹುಟ್ಟಿದರು. ಇವೆರಡರ ಮಧ್ಯೆ ಇರುವ ನಿಮ್ಮೂರಿಗೆ ಯಾರೂ ಬಂದಿಲ್ಲ ಅಂದರೆ ಯಾರು ನಂಬುತ್ತಾರೆ?

ಶಾಸನದ ಮೇಷ್ಟ್ರು

ಮಂಜು ಅವರೇ, ಪರೀಕ್ಷೆ ಆಮೇಲೆ. ಮೊದಲು ಹರಾಜು ನಿಲ್ಲಿಸಿ. ಮರ ಒಮ್ಮೆ ಸಾಮಿಲ್‌ಗೆ ಹೋದರೆ ಮುಗಿಯಿತು.

ಎರಡನೇ ಕೆಲಸ, ಗುಡಿಯ ಸುತ್ತ ಅಕ್ಷರದ ಕಲ್ಲು ಇದೆಯಾ ನೋಡಿ. ಧ್ವಜಸ್ತಂಭದ ಬುಡ, ಬಾವಿಕಟ್ಟೆ, ಪಾಕಶಾಲೆಯ ಹೊಸ್ತಿಲು, ಯಾವ ಜಾಗವನ್ನೂ ಬಿಡಬೇಡಿ. ಬಟ್ಟೆ ಒಗೆಯುವ ಕಲ್ಲನ್ನು ಮಗುಚಿ ಹಾಕಿದರೆ ಕೆಳಗೆ ಶಾಸನ ಇರುವುದು ನಮ್ಮ ಜಿಲ್ಲೆಗಳಲ್ಲಿ ಹೊಸದೇನಲ್ಲ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನುವ ಶಾಸನ ಸಂಗ್ರಹದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು, 12ನೆಯದು ತುಮಕೂರಿನದು. ಚಿಕ್ಕಬಳ್ಳಾಪುರ 2007ರವರೆಗೂ ಕೋಲಾರ ಜಿಲ್ಲೆಯಲ್ಲೇ ಇತ್ತಲ್ಲ, ಹಾಗಾಗಿ ನಿಮ್ಮ ತಾಲ್ಲೂಕು 10ನೇ ಸಂಪುಟದಲ್ಲೇ ಸಿಗುತ್ತದೆ. ನಿಮ್ಮ ಊರಿನ ಹೆಸರು ಅದರಲ್ಲಿ ಇದೆಯಾ ಹುಡುಕಿ.

ನಮ್ಮ ಕಡೆಯ ದೊಡ್ಡ ಗುಡಿಗಳ ಕಾಲ ಗೊತ್ತಾಗಿದ್ದೆಲ್ಲ ಕಲ್ಲು, ತಾಮ್ರದ ಮೇಲಿನ ಬರಹದಿಂದ ಮತ್ತು ಕಟ್ಟಡದ ಶೈಲಿಯಿಂದ. ನಂದಿಯ ಭೋಗನಂದೀಶ್ವರ 9ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ಅರಳಗುಪ್ಪೆಯ ಕಲ್ಲೇಶ್ವರ ನೊಳಂಬರ ಕಾಲದ್ದು. ಕೈದಾಳದ ಚೆನ್ನಕೇಶವ 1150ರ ಸುಮಾರಿನದು, ಗೂಳಿ ಬಾಚಿ ಕಟ್ಟಿಸಿದ್ದು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಶಾಸನಗಳಿವೆ. ಇದರಲ್ಲಿ ಒಂದಕ್ಕೂ ಮರ ಬೇಕಾಗಲಿಲ್ಲ.

ಲ್ಯಾಬ್ ಕೋಟು

ನಾನು ತುಮಕೂರಿನವಳು. ಕೆಲಸ ಮಾಡುವುದು ಈ ಪರೀಕ್ಷೆಗೆ ಹತ್ತಿರದ ವಿಷಯದಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಂಜು, ಪರೀಕ್ಷೆ ಖಂಡಿತ ಆಗುತ್ತದೆ. ಆದರೆ ಅದು ಹೇಳುವುದು ಮರದ ಕಾಲ. ಗುಡಿಯ ಕಾಲ ಅಲ್ಲ. ಕಮಿಟಿಗೆ ಇದನ್ನು ಈಗಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ವಾತಾವರಣದ ಮೇಲ್ಭಾಗದಲ್ಲಿ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಾನ್‌ಗಳು ಸಾರಜನಕಕ್ಕೆ ಬಡಿದು ಕಾರ್ಬನ್-14 ಹುಟ್ಟುತ್ತದೆ. ತೀರಾ ಅಪರೂಪದ್ದು. ಗಾಳಿಯಲ್ಲಿರುವ ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಈ ಜಾತಿ. ಮರ ಗಾಳಿ ಎಳೆದುಕೊಳ್ಳುವಾಗ ಅದೂ ಒಳಗೆ ಹೋಗುತ್ತದೆ. ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಹೊರಗಡೆ ಬೆಳೆಯುತ್ತಾ ಹೋಗುತ್ತದಲ್ಲ, ಒಂದು ವರ್ಷದ ಉಂಗುರ ಕಟ್ಟಿ ಮುಗಿದ ಮೇಲೆ ಆ ಉಂಗುರಕ್ಕೆ ಹೊಸ ಕಾರ್ಬನ್ ಸೇರುವುದಿಲ್ಲ. ಮರ ಇನ್ನೂ ಚಿಗುರುತ್ತಾ ನಿಂತಿದ್ದರೂ ಅಷ್ಟೆ. ಅಲ್ಲಿಂದ ಕಾರ್ಬನ್-14 ಕಡಿಮೆಯಾಗುತ್ತಾ ಬರುತ್ತದೆ. 5730 ವರ್ಷಕ್ಕೆ ಅರ್ಧ ಆಗುತ್ತದೆ. 1940ರ ದಶಕದ ಕೊನೆಯಲ್ಲಿ ಶಿಕಾಗೋದ ವಿಲ್ಲರ್ಡ್ ಲಿಬ್ಬಿ ಈ ವಿಧಾನ ರೂಪಿಸಿದರು. 1960ರಲ್ಲಿ ಅವರಿಗೆ ನೊಬೆಲ್ ಬಂತು. ಅವರೂ ಶುರು ಮಾಡಿದ್ದು ಕಾಲ ಮೊದಲೇ ಗೊತ್ತಿದ್ದ ಮರದಿಂದ. ಈಜಿಪ್ಟಿನ ಜೋಸರ್ ದೊರೆಯ ಸಮಾಧಿಯ ಮರ ಅದರಲ್ಲಿ ಒಂದು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 500 ವರ್ಷದ ಮರದಲ್ಲಿ ಕಾರ್ಬನ್-14 ಇನ್ನೂ ನೂರಕ್ಕೆ 94 ಪಾಲು ಉಳಿದಿರುತ್ತದೆ. 1000 ವರ್ಷದ್ದರಲ್ಲಿ 88-89. ಅಂದರೆ ನಾವು ಅಳೆಯುವುದು ತುಂಬಾ ಸಣ್ಣ ವ್ಯತ್ಯಾಸ. ಯಂತ್ರ ಒಳ್ಳೆಯದಿದ್ದರೆ 25-30 ವರ್ಷ ಆಚೀಚೆ ಹೇಳಬಹುದು. ಅದು ಯಂತ್ರದ ಮಾತಾಯಿತು. ಮರದ ತಕರಾರು ಬೇರೆಯೇ ಇದೆ. 200 ವರ್ಷ ಬೆಳೆದ ಮರ ಕಡಿದರೆ, ಅದರ ನಡುವಿನ ಚೇಗಿಗೆ ಕಡಿದ ದಿನವೇ 200 ವರ್ಷ ಆಗಿರುತ್ತದೆ. ತೊಲೆಯ ಮಧ್ಯದಿಂದ ತುಂಡು ತೆಗೆದು ಕಳಿಸಿದಿರಿ ಅಂದುಕೊಳ್ಳಿ. ಅಲ್ಲಿಗೆ ಉತ್ತರ ಎರಡು ಶತಮಾನ ಹಿಂದೆ ಹೋಯಿತು. ಲ್ಯಾಬಿನವರದೇನೂ ತಪ್ಪಿಲ್ಲ.

ಪಾವಗಡ ಬಿಸಿಲು

ಮೇಡಂ, ವಿಗ್ರಹಕ್ಕೇ ಕಾರ್ಬನ್ ಟೆಸ್ಟ್ ಮಾಡಿಸಿದರೆ ಆಗಲ್ವಾ? ಟಿವಿಯಲ್ಲಿ ಆಗಾಗ ಹೇಳುತ್ತಿರುತ್ತಾರೆ.

ಲ್ಯಾಬ್ ಕೋಟು

ಆಗಲ್ಲ. ಕಲ್ಲು ಉಸಿರಾಡಿದ್ದಲ್ಲ. ಒಮ್ಮೆ ಜೀವ ಇದ್ದ ವಸ್ತು ಬೇಕು. ಮರ, ಇದ್ದಿಲು, ಕಾಳು, ಮೂಳೆ, ಬಟ್ಟೆ ಇಂಥವು. ಕಲ್ಲಿನ ಕಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಂದಿಬೆಟ್ಟದ ಬಂಡೆಯ ವಯಸ್ಸು ಗೊತ್ತಾಗುತ್ತದೆ, ಅದು ಕೋಟಿಗಟ್ಟಲೆ ವರ್ಷ. ಕೆತ್ತಿದ ಆಚಾರಿಯ ಕಾಲ ಅದರಲ್ಲಿ ಎಲ್ಲಿದೆ?

ಆಚಾರ್ರ ಮಗ

ನಾನು ಗುಬ್ಬಿ ಕಡೆಯವನು. ಮನೆತನದಿಂದ ತೇರು, ಬಾಗಿಲು ಕೆಲಸ ನಮ್ಮದು. ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ.

ತೊಲೆ ಚೌಕ ಮಾಡುವಾಗ ನಾವು ಮೊದಲು ತೆಗೆಯುವುದೇ ತೊಗಟೆ ಮತ್ತು ಅದರ ಕೆಳಗಿನ ಬಿಳಿ ಮರ. ಗೆದ್ದಲು, ಹುಳ ಮೊದಲು ಹಿಡಿಯುವುದು ಅದನ್ನೇ. ಉಳಿಯುವುದು ಚೇಗು ಮಾತ್ರ. ಅಂದರೆ ಮರ ಕಡಿದ ವರ್ಷಕ್ಕೆ ಹತ್ತಿರದ ಉಂಗುರಗಳೆಲ್ಲ ಉಳಿ ಏಟಿಗೆ ಅವತ್ತೇ ಒಲೆಗೆ ಹೋಗಿವೆ.

ಇನ್ನೊಂದು ಮಾತು. ಗಟ್ಟಿ ಮರವನ್ನು ನಮ್ಮ ಹಿರಿಯರು ಎಸೆದವರೇ ಅಲ್ಲ. ತೇರು ಬಿಚ್ಚಿದರೆ ಅದರ ಮರ ಮಂಟಪಕ್ಕೆ ತೊಲೆ ಆಗುತ್ತದೆ. ಮಂಟಪ ಬಿದ್ದರೆ ತೊಲೆ ಬಾಗಿಲುವಾಡ ಆಗುತ್ತದೆ. ಬಾಗಿಲುವಾಡ ಹೋದರೆ ಮಣೆ. ಮಂಜು ಅವರೇ, ತೊಲೆಯನ್ನು ಒಮ್ಮೆ ತಿರುಗಿಸಿ ನೋಡಿ. ಈಗ ಕೂತಿದ್ದ ಜಾಗದಲ್ಲಿ ಬೇಕೇ ಇಲ್ಲದ ಗೂಟದ ಕಿಂಡಿ, ಕಚ್ಚು ಏನಾದರೂ ಇದೆಯಾ? ಕೆತ್ತನೆ ಗೋಡೆಯ ಒಳಕ್ಕೆ ಹೋಗಿತ್ತಾ? ಗೋಡೆ ಒಳಗೆ ಹುದುಗುವ ಕಡೆ ಯಾವ ಆಚಾರಿಯೂ ಹೂಬಳ್ಳಿ ಕೆತ್ತುವುದಿಲ್ಲ.

ಚಿಂತಾಮಣಿ ಮಂಜು

ಅಣ್ಣಾ, ಈಗಷ್ಟೇ ಹೋಗಿ ನೋಡಿ ಬಂದೆ. ಮೂರು ಚೌಕದ ಕಿಂಡಿ ಇವೆ, ಒಂದಕ್ಕೂ ಈಗ ಕೆಲಸ ಇಲ್ಲ. ಒಂದರೊಳಗೆ ಮುರಿದ ಗೂಟ ಹಾಗೇ ಸಿಕ್ಕಿಕೊಂಡಿದೆ. ಬಳ್ಳಿ ಕೆತ್ತನೆಯೂ ಗೋಡೆಯೊಳಗೆ ಒಂದು ಗೇಣು ಹೋಗಿತ್ತಂತೆ, ಬಿಚ್ಚಿದ ಮೇಸ್ತ್ರಿ ಹೇಳಿದರು. ಗೋಡೆಯೊಳಗೆ ಇದ್ದ ಕಡೆ ಕೆತ್ತನೆ ಚೂಪಾಗಿದೆ, ಹೊರಗಿದ್ದ ಕಡೆ ಮೊಂಡಾಗಿದೆ.

ಆಚಾರ್ರ ಮಗ

ಹಾಗಾದರೆ ಅದು ಬೇರೆ ಕಡೆಯಿಂದ ಬಂದ ಮರ. ನಿಮ್ಮ ಮಂಟಪ ಅದರ ಎರಡನೇ ಸಂಸಾರ.

ಶಾಸನದ ಮೇಷ್ಟ್ರು

ಕೌದಿಯ ಒಂದು ತುಂಡು ಬಟ್ಟೆ ನೋಡಿ ಕೌದಿ ಹೊಲಿದ ವರ್ಷ ಹೇಳುವ ಕೆಲಸ ಇದು. ತುಂಡು ಅಜ್ಜಿಯ ಸೀರೆಯದು, ಹೊಲಿದವಳು ಮೊಮ್ಮಗಳು.

ಅರ್ಚಕರ ಮನೆಯವಳು

ನಮ್ಮದು ಮುಳಬಾಗಿಲು ಕಡೆ, ಗುಡಿಯ ಪೂಜೆ ನಮ್ಮ ಮನೆಯವರದು. ಒಂದು ಅನುಮಾನ. ಗುಡಿ ಹಳೆಯದು, ಮರ ಹೊಸದು ಅಂತಲೂ ಆಗಬಹುದಲ್ವಾ? ನಮ್ಮ ಗುಡಿಯ ಬಾಗಿಲನ್ನು ನಮ್ಮ ತಾತನ ಕಾಲದಲ್ಲಿ ಬದಲಿಸಿದ್ದು. ಗೋಡೆ ಚೋಳರದು ಅನ್ನುತ್ತಾರೆ.

ಲ್ಯಾಬ್ ಕೋಟು

ಅಕ್ಕ, ಅದು ಆಗುವುದೇ ಜಾಸ್ತಿ. ನಮ್ಮ ಬಿಸಿಲು, ಮಳೆ, ಗೆದ್ದಲಿಗೆ ಮರ ಅಷ್ಟು ದಿನ ನಿಲ್ಲುವುದಿಲ್ಲ. ನಂದಿಯ ಗುಡಿಯನ್ನೇ ತಗೊಳ್ಳಿ. ನೊಳಂಬರಿಂದ ಹಿಡಿದು ವಿಜಯನಗರದವರೆಗೆ ಒಬ್ಬೊಬ್ಬರೂ ಏನಾದರೂ ಸೇರಿಸಿದ್ದಾರೆ. ಅಲ್ಲಿನ ಒಂದು ಬಾಗಿಲ ಮರದಿಂದ ಇಡೀ ಗುಡಿಗೆ ವಯಸ್ಸು ಹೇಳಿದರೆ ಯಾರು ಒಪ್ಪುತ್ತಾರೆ?

ಮರ ಕಟ್ಟಡಕ್ಕಿಂತ ಹಳೆಯದು ಇರುವುದಕ್ಕೆ ಒಳ್ಳೆ ಉದಾಹರಣೆ ಜಪಾನಿನ ನಾರಾ ಹತ್ತಿರದ ಹೋರ್ಯೂಜಿ. ಲೋಕದಲ್ಲಿ ಇನ್ನೂ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಅಲ್ಲಿನ ಐದಂತಸ್ತಿನ ಗೋಪುರದ ನಡುಗಂಬದ ಉಂಗುರಗಳನ್ನು ಎಣಿಸಿ, ಹೋಲಿಸಿ ನೋಡಿದಾಗ ಆ ಮರ ಕಡಿದದ್ದು 594ರಲ್ಲಿ ಅಂತ ತಿಳಿಯಿತು. ಆದರೆ ಅವರ ಹಳೇ ಚರಿತ್ರೆಯ ಪುಸ್ತಕದಲ್ಲಿ ಈ ಗುಡಿ 670ರಲ್ಲಿ ಪೂರ್ತಿ ಸುಟ್ಟುಹೋಯಿತು ಅಂತಿದೆ. ಈಗಿನ ಗೋಪುರ ಆಮೇಲೆ ಕಟ್ಟಿದ್ದು. ಹಾಗಾದರೆ ಕಂಬ ಅಷ್ಟು ವರ್ಷ ಎಲ್ಲಿತ್ತು? ಕಡಿದು ಇಟ್ಟಿದ್ದರಾ, ಬೇರೆ ಕಟ್ಟಡದಿಂದ ತಂದರಾ ಅಂತ ಅಲ್ಲಿನ ವಿದ್ವಾಂಸರೇ ವಾದ ಮಾಡಿದ್ದಾರೆ. ಕಡಿದ ವರ್ಷ ಅಂಕಿ ಸಮೇತ ಸಿಕ್ಕ ಕಡೆಯೇ ಹೀಗೆ.

ಚಿಂತಾಮಣಿ ಮಂಜು

ಅಂದರೆ ಕಳಿಸೋದೇ ದಂಡ ಅಂತೀರಾ?

ಲ್ಯಾಬ್ ಕೋಟು

ಹಾಗಲ್ಲ ಮಂಜು. ಯಾವ ಪ್ರಶ್ನೆ ಇಟ್ಟುಕೊಂಡು ಕಳಿಸುತ್ತೀರಿ ಅನ್ನುವುದರ ಮೇಲೆ ಇದೆ.

ರಾಯಚೂರಿನ ಹಟ್ಟಿ ಚಿನ್ನದ ಗಣಿ ಗೊತ್ತಲ್ಲ. ಅಲ್ಲಿನ ಹಳೇ ಹೊಂಡಗಳಲ್ಲಿ ಸಿಕ್ಕ ಮರಕ್ಕೆ ಇದೇ ಪರೀಕ್ಷೆ ಮಾಡಿ, ಸುಮಾರು 2000 ವರ್ಷದ ಹಿಂದೆಯೇ ಅಲ್ಲಿ ಚಿನ್ನ ತೆಗೆಯುತ್ತಿದ್ದರು ಅಂತ ಹೇಳಿದರು. ನಮ್ಮ ಕೆ.ಜಿ.ಎಫ್.ನಲ್ಲೂ ಬ್ರಿಟಿಷರು ಬರುವ ಮೊದಲೇ ಹಳೇ ಹೊಂಡಗಳಿದ್ದವು. ಗಣಿಯಲ್ಲಿ ಉತ್ತರ ಯಾಕೆ ಚೆನ್ನಾಗಿ ಬರುತ್ತದೆ ಗೊತ್ತಾ? ಗಣಿಯ ಒಳಗೆ ಆಸರೆಗೆ ಅಂತ ಸಾಗವಾನಿ ಹುಡುಕಿಕೊಂಡು ಯಾರೂ ಹೋಗಲ್ಲ. ಹತ್ತಿರದ ಕಾಡಿನಲ್ಲಿ ಸಿಕ್ಕ ಎಳೇ ಮರ ಕಡಿದು ಕೊಡುತ್ತಾರೆ. ಬಂಡೆ ಬಿರಿಯಲಿ ಅಂತ ಬೆಂಕಿ ಹಾಕುವುದೂ ಸಣ್ಣ ಸೌದೆಯಿಂದಲೇ. ಕಡಿದದ್ದಕ್ಕೂ ಬಳಸಿದ್ದಕ್ಕೂ ನಡುವೆ ಹೆಚ್ಚು ದಿನ ಇರುವುದಿಲ್ಲ. ದೇವರ ಮಂಟಪಕ್ಕೆ ಹಾಗಲ್ಲ, ದೊಡ್ಡ ಮರ, ಹಳೇ ಮರ, ಒಣಗಿಸಿಟ್ಟ ಮರ.

ತಮಿಳುನಾಡಿನ ಕೀಳಡಿಯಲ್ಲೂ ಪರೀಕ್ಷೆಗೆ ಹೋದದ್ದು ಅಗೆತದ ಪದರದಲ್ಲಿ ಸಿಕ್ಕ ಇದ್ದಿಲು. 2019ರ ವರದಿಯಲ್ಲಿ ಅದನ್ನು ಕ್ರಿ.ಪೂ. 6ನೇ ಶತಮಾನ ಅಂದರು. ಅಲ್ಲೂ ಇದ್ದಿಲು ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಅಂತ ಬರೆದಿಟ್ಟಿದ್ದರಿಂದಲೇ ಆ ಅಂಕಿಗೆ ಬೆಲೆ.

ಕಾಂಬೋಡಿಯಾದ ಅಂಕೋರ್‌ನಲ್ಲಿ ಬಾಫುವಾನ್ ಅಂತ ದೊಡ್ಡ ಕಲ್ಲಿನ ದೇವಸ್ಥಾನ ಇದೆ. ಅಲ್ಲಿ ಇನ್ನೂ ಜಾಣತನ ಮಾಡಿದರು. ಕಲ್ಲು ಕಲ್ಲಿಗೆ ಜೋಡಿಸಿದ್ದ ಕಬ್ಬಿಣದ ಕೊಂಡಿಗಳನ್ನೇ ಪರೀಕ್ಷೆ ಮಾಡಿದರು. ಕಬ್ಬಿಣದಲ್ಲಿ ಕಾರ್ಬನ್ ಎಲ್ಲಿಂದ ಬಂತು ಅಂದರೆ, ಅದಿರು ಕರಗಿಸುವಾಗ ಹಾಕಿದ ಇದ್ದಿಲಿನಿಂದ. ಅದರಿಂದ ಕಟ್ಟಡ 11ನೇ ಶತಮಾನದ್ದು ಅಂತ ಗಟ್ಟಿಯಾಯಿತು. ಕಲ್ಲಿಗೆ ಕಾರ್ಬನ್ ಪರೀಕ್ಷೆ ಆಗಲ್ಲ ಅಂತ ಮೇಲೆ ಹೇಳಿದೆನಲ್ಲ, ಕಲ್ಲಿನ ಗುಡಿಗೆ ಕೆಲವು ಸಲ ಇಂಥ ದಾರಿ ಇರುತ್ತದೆ.

ಅಂದಹಾಗೆ, ಇಟ್ಟಿಗೆ-ಗಾರೆಯ ಗೋಪುರಗಳ ಒಳಗೆ ಹೋಗಿ ನೋಡಿದ್ದೀರಾ? ಒಂದೊಂದು ಅಂತಸ್ತಿನ ಕಿಂಡಿಯ ಮೇಲೂ ಮರದ ತೊಲೆ ಇಟ್ಟು ಅದರ ಮೇಲೆ ಇಟ್ಟಿಗೆ ಕಟ್ಟಿರುತ್ತಾರೆ. ವಿಜಯನಗರ ಕಾಲದ ಗೋಪುರಗಳಲ್ಲಿ ಇದು ಸಾಮಾನ್ಯ. ಅಂಥ ತೊಲೆಯನ್ನು ಆಮೇಲೆ ಬದಲಿಸುವುದು ಕಷ್ಟ, ಮೇಲಿನ ಭಾರ ಎಲ್ಲ ಅದರ ಮೇಲೇ ಕೂತಿರುತ್ತದೆ. ಪರೀಕ್ಷೆಗೆ ಬಾಗಿಲಿಗಿಂತ ಅದು ವಾಸಿ.

ಶಾಸನದ ಮೇಷ್ಟ್ರು

ಆದರೆ ಸಂರಕ್ಷಿತ ಸ್ಮಾರಕ ಆಗಿದ್ದರೆ ಒಂದು ಚೂರನ್ನೂ ಮುಟ್ಟಬೇಡಿ. ನಂದಿ, ಕೋಲಾರಮ್ಮ, ಕೋಲಾರದ ಸೋಮೇಶ್ವರ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯವು. ಅನುಮತಿ ಇಲ್ಲದೆ ಉಗುರಲ್ಲಿ ಕೆರೆದರೂ ಕೇಸು. ನಿಮ್ಮದು ಮುಜರಾಯಿ ಗುಡಿಯೋ, ಊರಿನವರದೋ ಕೇಳಿಕೊಳ್ಳಿ. ಇನ್ನೊಂದು, 100 ವರ್ಷ ದಾಟಿದ ಕೆತ್ತನೆ 1972ರ ಕಾಯ್ದೆ ಪ್ರಕಾರ ಪುರಾವಸ್ತು. ಕೆತ್ತನೆ ಇರುವ ತೊಲೆಯನ್ನು ಹರಾಜು ಹಾಕುವ ಮೊದಲು ಕಮಿಟಿಯವರು ಇದನ್ನು ಯೋಚಿಸಲಿ. ಚಿಕ್ಕಪ್ಪನಿಗೆ ಹೇಳಲು ನಿಮಗೂ ಒಂದು ಕಾರಣ ಸಿಕ್ಕಿತು.

ಸಿರಾ ಸೈಕಲ್

ಇದನ್ನೆಲ್ಲ ಓದಿ ತಲೆ ತಿರುಗಿತು. ಒಂದೇ ಪ್ರಶ್ನೆ. ಮರ ಒಂದು 250 ವರ್ಷದ್ದು ಅಂತಿಟ್ಟುಕೊಳ್ಳಿ, ಲ್ಯಾಬು 250 ಅಂತ ಹೇಳುತ್ತಾ ಇಲ್ವಾ?

ಲ್ಯಾಬ್ ಕೋಟು

ಹೇಳಲ್ಲ. ಒಳ್ಳೆ ಜಾಗಕ್ಕೆ ಕೈ ಇಟ್ಟಿರಿ.

ಗಾಳಿಯಲ್ಲಿರುವ ಕಾರ್ಬನ್-14 ಎಲ್ಲಾ ಕಾಲದಲ್ಲೂ ಒಂದೇ ಪ್ರಮಾಣ ಇರಲಿಲ್ಲ. ಸೂರ್ಯ, ಭೂಮಿಯ ಕಾಂತಕ್ಷೇತ್ರ ಇವುಗಳಿಂದ ಏರುಪೇರು ಆಗುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಬಂದ ಅಂಕಿಯನ್ನು ಉಂಗುರ ಎಣಿಸಿ ಕಾಲ ತಿಳಿದ ಮರಗಳ ಜೊತೆ ತಾಳೆ ನೋಡಬೇಕು. ಈಗ ನಮ್ಮ ಕಡೆಗೆ ಬಳಸುವ ತಾಳೆ ಗೆರೆಗೆ ಇಂಟ್‌ಕಾಲ್20 ಅಂತ ಹೆಸರು. ಆ ಗೆರೆ 1400ರಿಂದ 1500ರವರೆಗೆ ಚೆನ್ನಾಗಿ ಇಳಿಯುತ್ತದೆ, ಅಲ್ಲಿ ಕಾಲ ಬಿಗಿಯಾಗಿ ಸಿಗುತ್ತದೆ. ಆದರೆ 1650ರ ಆಸುಪಾಸಿನಿಂದ 1950ರವರೆಗೆ ಏರಿ ಇಳಿದು ಏರಿ ಇಳಿದು ಅಲ್ಲಲ್ಲೇ ಸುತ್ತುತ್ತದೆ. ಆ ಮುನ್ನೂರು ವರ್ಷದಲ್ಲಿ ಯಾವಾಗ ಬೆಳೆದ ಉಂಗುರ ಆದರೂ ಉತ್ತರ "17ನೇ ಶತಮಾನದ ಕೊನೆ ಇರಬಹುದು, 18 ಇರಬಹುದು, 19 ಇರಬಹುದು" ಅಂತಲೇ ಬರುತ್ತದೆ. ದುಡ್ಡು ಕೊಟ್ಟು ಇದನ್ನು ಕೇಳಿಸಿಕೊಳ್ಳಬೇಕು.

ನಮ್ಮ ಕಡೆ ಗುಡಿಗಳಲ್ಲಿ ಉಳಿದಿರುವ ಮರ ಬಹುಪಾಲು ಈ ಕಾಲದ್ದೇ ಇರುತ್ತದೆ ಅಂತ ನನ್ನ ಅಂದಾಜು. ತೇರು, ವಾಹನ, ಬಾಗಿಲು, ಜಂತೆ, ಪಾಳೇಗಾರರ ಕಾಲದ ಮಂಟಪ, ಎಲ್ಲ ಅದೇ. ಸೀಬಿ ನರಸಿಂಹಸ್ವಾಮಿ ಗುಡಿಯ ಚಾವಣಿ ಚಿತ್ರಗಳ ಕಾಲದ ಮರಕ್ಕೆ ಈ ಪರೀಕ್ಷೆ ಮಾಡಿಸುವುದಕ್ಕಿಂತ ಆ ಚಿತ್ರದಲ್ಲಿ ಯಾವ ದೊರೆ ಇದ್ದಾನೆ ಅಂತ ನೋಡುವುದೇ ಮೇಲು.

1955ರ ನಂತರದ ಮರ ಮಾತ್ರ ತಟ್ಟನೆ ಸಿಕ್ಕಿಬೀಳುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಜಾಸ್ತಿಯಾಗಿ 1963ರ ಹೊತ್ತಿಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಹಳೇ ಬಾಗಿಲು ಅಂತ ಹೊಗೆ ಹಿಡಿಸಿ ಮಾರುವವರು ಇದಕ್ಕೆ ಹೆದರಬೇಕು.

ಅರ್ಚಕರ ಮನೆಯವಳು

ಇನ್ನೊಂದು ಕೇಳಬೇಕಿತ್ತು. ಹಬ್ಬಕ್ಕೆ ಮುಂಚೆ ಬಾಗಿಲಿಗೆ, ತೇರಿಗೆ ಹೊಂಗೆ ಎಣ್ಣೆ ಬಳಿಯುವುದು ನಮ್ಮಲ್ಲಿ ರೂಢಿ. ಜಂತೆಗೆ ಗೆದ್ದಲು ಬರದಿರಲಿ ಅಂತ ಒಮ್ಮೆ ಟಾರ್ ಹೊಡೆಸಿದ್ದೂ ಇದೆ. ಇದರಿಂದ ಲೆಕ್ಕ ಕೆಡಲ್ವಾ?

ಲ್ಯಾಬ್ ಕೋಟು

ಕೆಡುತ್ತದೆ, ಆದರೆ ಎರಡೂ ಒಂದೇ ರೀತಿ ಅಲ್ಲ. ಹೊಂಗೆ ಎಣ್ಣೆ ಈ ಕಾಲದ ಗಿಡದ್ದು, ಅದು ಮರವನ್ನು ಚಿಕ್ಕ ವಯಸ್ಸಿನದು ಮಾಡಿ ತೋರಿಸುತ್ತದೆ. 600 ವರ್ಷದ ಮರದ ಚೂರಿನಲ್ಲಿ ನೂರಕ್ಕೆ ಹತ್ತು ಪಾಲು ಇಂದಿನ ಕಾರ್ಬನ್ ಬೆರೆತರೂ ಸುಮಾರು 60 ವರ್ಷ ಕಡಿಮೆ ಕಾಣುತ್ತದೆ, ಅಷ್ಟೆ. ಟಾರ್ ಹಾಗಲ್ಲ. ಅದು ಕಲ್ಲಿದ್ದಲು, ಪೆಟ್ರೋಲಿಯಂನಿಂದ ಬಂದದ್ದು. ಕೋಟ್ಯಂತರ ವರ್ಷ ನೆಲದೊಳಗೆ ಇದ್ದದ್ದರಿಂದ ಅದರಲ್ಲಿ ಕಾರ್ಬನ್-14 ಒಂದು ಚೂರೂ ಉಳಿದಿಲ್ಲ. ನೂರಕ್ಕೆ ಒಂದು ಪಾಲು ಬೆರೆತರೆ ಮರ 80 ವರ್ಷ ಮುದಿಯಾಗುತ್ತದೆ. ಹತ್ತು ಪಾಲು ಬೆರೆತರೆ 800 ದಾಟುತ್ತದೆ. ಬಡಗಿಗಳು ಹಾಕುವ ಬಿಳಿ ಅಂಟು, ಪಾಲಿಷ್, ಪೇಂಟಿನ ಕಥೆಯೂ ಇದೇ. ಲ್ಯಾಬಿನಲ್ಲಿ ಆಮ್ಲ, ಕ್ಷಾರದಲ್ಲಿ ತೊಳೆದು, ಸಾಧ್ಯವಾದರೆ ಮರದ ಸೆಲ್ಯುಲೋಸ್ ಮಾತ್ರ ಬೇರೆ ತೆಗೆದು ಅಳೆಯುತ್ತಾರೆ. ಆದರೂ ಏನೇನು ಬಳಿದಿದ್ದರು ಅಂತ ಮೊದಲೇ ಹೇಳಿದರೆ ಅವರಿಗೆ ಅನುಕೂಲ.

ಪಾವಗಡ ಬಿಸಿಲು

ಮಂಜು, ದಾರಿ ಸಿಕ್ಕಿತಲ್ಲಪ್ಪ. ಎರಡು ಕೋಟು ಟಾರ್ ಹೊಡೆಸಿ ಕಳಿಸಿ. 2000 ವರ್ಷ ಸಲೀಸು.

ಚಿಂತಾಮಣಿ ಮಂಜು

ಅಯ್ಯೋ, ಇದನ್ನು ನಮ್ಮ ಚಿಕ್ಕಪ್ಪನಿಗೆ ಮಾತ್ರ ಯಾರೂ ಹೇಳಬೇಡಿ.

ಮೇಷ್ಟ್ರೇ, ನೀವು ಹೇಳಿದ ಹಾಗೆ ಹುಡುಕಿದೆವು. ಗರುಡಗಂಬದ ಹಿಂದೆ ಒಂದು ಕಲ್ಲು ಸಿಕ್ಕಿತು. ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿದೆ. "ಪ್ಲವ ಸಂವತ್ಸರದ" ಅನ್ನುವಷ್ಟು ಓದಲು ಬಂತು. ಮೇಲಿನ ಸಾಲು ಒಡೆದುಹೋಗಿದೆ, ಶಕ ವರ್ಷ ಅಲ್ಲೇ ಇತ್ತೇನೋ.

ಶಾಸನದ ಮೇಷ್ಟ್ರು

ಭಲೇ! ಕಲ್ಲನ್ನು ಕಬ್ಬಿಣದ ಬ್ರಷ್‌ನಿಂದ ಉಜ್ಜಬೇಡಿ. ಸಂಜೆ ಹೊತ್ತು, ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ. ಅಥವಾ ರಾತ್ರಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಅಕ್ಷರದ ನೆರಳು ಎದ್ದು ಕಾಣುತ್ತದೆ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಚಿನ ಪ್ಲವ 2021ರ ಯುಗಾದಿಗೆ ಶುರುವಾಯಿತು. ಹಿಂದಕ್ಕೆ ಅರವತ್ತರವತ್ತು ಕಳೆಯುತ್ತಾ ಹೋದರೆ, ತೀರಾ ಈಚಿನ 1961, 1901 ಬಿಟ್ಟು, 1841, 1781, 1721, 1661, 1601, 1541, 1481, 1421. ಇವುಗಳಲ್ಲಿ ಯಾವುದು ಅಂತ ಅಕ್ಷರದ ಆಕಾರ ನೋಡಿದರೆ ಶತಮಾನದ ಅಂದಾಜು ಸಿಗುತ್ತದೆ. ತಿಥಿ, ವಾರ ಎರಡೂ ಓದಲು ಬಂದರೆ ಪಂಚಾಂಗ ಹಾಕಿ ವರ್ಷವನ್ನೇ ಹಿಡಿಯಬಹುದು.

ಲ್ಯಾಬ್ ಕೋಟು

ಮೇಷ್ಟ್ರೇ, ಇಲ್ಲಿ ನೋಡಿ ನಿಮ್ಮ ಕಲ್ಲಿಗೂ ನಮ್ಮ ಮರಕ್ಕೂ ಸಂಬಂಧ ಕುದುರಿತು! ಕಾರ್ಬನ್ ಪರೀಕ್ಷೆಗೆ ಒಂದೇ ವರ್ಷ ಹೇಳುವ ಶಕ್ತಿ ಇಲ್ಲ, 50-60 ವರ್ಷದ ಒಂದು ಕಿಟಕಿ ಕೊಡುತ್ತದೆ. ಸಂವತ್ಸರಕ್ಕೆ ಯಾವ ಸುತ್ತು ಅಂತ ಹೇಳುವ ಶಕ್ತಿ ಇಲ್ಲ, ಆದರೆ ಸುತ್ತಿನೊಳಗಿನ ವರ್ಷ ಕರಾರುವಾಕ್ಕಾಗಿ ಹೇಳುತ್ತದೆ. ಮರದ ಹೊರ ಉಂಗುರ 1430ರಿಂದ 1480ರ ಒಳಗೆ ಅಂತ ಬಂದರೆ, ತೊಲೆಯನ್ನು ಆಮೇಲೆ ಬದಲಿಸಿದ್ದಲ್ಲ ಅನ್ನುವುದಾದರೆ ಮಂಟಪ 1421ರದ್ದು ಆಗಿರಲು ಸಾಧ್ಯವಿಲ್ಲ. ಮರ ಕಡಿಯುವ ಮೊದಲು ತೊಲೆ ಹಾಕಲು ಆಗಲ್ಲವಲ್ಲ. ಆಗ 1481ರ ಮೇಲೆ ಕಣ್ಣು ಹೋಗುತ್ತದೆ. ಹಳೇ ಮರ ಮತ್ತೆ ಬಳಸಿದ್ದರೆ 1541 ಕೂಡ ಇರಬಹುದು, ಅಲ್ಲಿಗೆ ಅಕ್ಷರದ ಆಕಾರ ಬೇಕು. ಮರ 1661ರ ಈಚಿನದಾದರೆ ಮಾತ್ರ ನಾನು ಮೇಲೆ ಹೇಳಿದ ಗೋಜಲು. ನಾಲ್ಕು ಪ್ಲವಗಳಲ್ಲಿ ಯಾವುದು ಅಂತ ಪರೀಕ್ಷೆಗೆ ಆರಿಸಲು ಬರುವುದಿಲ್ಲ.

ಅಲ್ಲೂ ಒಂದು ಉಪಾಯ ಇದೆ. ಮರ ಸಾಗವಾನಿಯಾದರೆ ಉಂಗುರ ಸ್ಪಷ್ಟವಾಗಿ ಎಣಿಸಬಹುದು. ಒಂದೇ ತೊಲೆಯಲ್ಲಿ ಹತ್ತನೇ ಉಂಗುರ, ನಲವತ್ತನೇ ಉಂಗುರ, ಎಪ್ಪತ್ತನೇ ಉಂಗುರ ಹೀಗೆ ಮೂರ್ನಾಲ್ಕು ಕಡೆ ಚೂರು ತೆಗೆದು ಅಳೆದರೆ, ಆ ಏರಿಳಿತದ ಗೆರೆಯ ಮೇಲೆ ಇವು ಒಟ್ಟಿಗೆ ಎಲ್ಲಿ ಕೂರುತ್ತವೆ ಅಂತ ನೋಡಬಹುದು. ಖರ್ಚು ಮೂರ್ನಾಲ್ಕು ಪಟ್ಟು. ಊರ ಗುಡಿಗೆ ಅಷ್ಟು ಬೇಕಾ ಅಂದರೆ, ಸುಮ್ನೆ ಬೇಡ ಅಂತಲೇ ನಾನು ಹೇಳುವುದು. ಮೊದಲು ಕಲ್ಲು ಓದಿಸಿ.

ಸಿರಾ ಸೈಕಲ್

ಲ್ಯಾಬ್ ಎಲ್ಲಿದೆ ಅಂತ ಯಾರೂ ಹೇಳಲೇ ಇಲ್ಲ.

ಲ್ಯಾಬ್ ಕೋಟು

ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿ.ಐ.ಎಫ್.ಆರ್.) ಈ ಕೆಲಸ ನಡೆಯಿತು. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣದ ಕಾಲದ ಲೆಕ್ಕ ಬಂದದ್ದು ಅಲ್ಲಿಂದಲೇ. ಆಮೇಲೆ ಅದು ಅಹಮದಾಬಾದಿನ ಭೌತ ಸಂಶೋಧನಾಲಯಕ್ಕೆ (ಪಿ.ಆರ್.ಎಲ್.) ಹೋಯಿತು. ಲಖನೌದಲ್ಲಿ ಬೀರಬಲ್ ಸಾಹ್ನಿ ಸಂಸ್ಥೆ ಇದೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್‌ನಲ್ಲಿ ಕಾರ್ಬನ್-14 ಪರಮಾಣುಗಳನ್ನೇ ನೇರವಾಗಿ ಎಣಿಸುವ ಎ.ಎಂ.ಎಸ್. ಯಂತ್ರ ಇದೆ. ಮೊದಲಿನ ವಿಧಾನಕ್ಕೆ ಗ್ರಾಂಗಟ್ಟಲೆ ಮರ ಬೇಕಿತ್ತು, ಎ.ಎಂ.ಎಸ್.ಗೆ ಕೆಲವು ಹತ್ತು ಮಿಲಿಗ್ರಾಂ ಸಾಕು. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ಇಲ್ಲವೇ ಭೂವಿಜ್ಞಾನದ ಮೇಷ್ಟ್ರ ಮೂಲಕ ಹೋದರೆ ಸುಲಭ.

ಮಂಜು, ಇನ್ನೊಂದು. ಬಿಚ್ಚಿದ ತಾರಸಿಯ ಗಾರೆ ಇನ್ನೂ ಅಲ್ಲೇ ಬಿದ್ದಿದೆಯಾ? ಗಾರೆ ಹೆಂಟೆ ಒಡೆದು ನೋಡಿ. ಒಳಗೆ ಕಪ್ಪು ಚುಕ್ಕೆ ಕಾಣುತ್ತಾ?

ಚಿಂತಾಮಣಿ ಮಂಜು

ಇದೆ ಅಕ್ಕ. ಸಣ್ಣ ಸಣ್ಣ ಇದ್ದಿಲಿನ ಚೂರು. ಕೆಲವು ಸಾಸಿವೆ ಕಾಳಿನಷ್ಟು ಇವೆ, ಒಂದೆರಡು ಮಾತ್ರ ದಪ್ಪ.

ಲ್ಯಾಬ್ ಕೋಟು

ಅದು ಸುಣ್ಣದ ಗೂಡಿನ ಸೌದೆ! ಸುಣ್ಣ ಸುಡಲು ಬಳಸುವುದು ಪುಳ್ಳೆ, ಸಣ್ಣ ಕೊಂಬೆ. ಇನ್ನೂರು ವರ್ಷದ ಚೇಗು ಅಲ್ಲ. ಸುಣ್ಣ ಸುಟ್ಟು ಗಾರೆ ಅರೆಯಲು ಬಹಳ ದಿನ ಕಾಯುವುದಿಲ್ಲ. ಈ ತಾರಸಿ ಯಾವಾಗ ಹಾಕಿದ್ದು ಅನ್ನುವುದಕ್ಕೆ ನಿಮ್ಮ ಕೆತ್ತನೆ ತೊಲೆಗಿಂತ ಈ ಚೂರುಗಳೇ ಒಳ್ಳೆ ಸಾಕ್ಷಿ. ತೊಲೆ ಮೊದಲು ಎಲ್ಲಿತ್ತೋ, ಗಾರೆಯಂತೂ ಇಲ್ಲೇ ಅರೆದದ್ದು.

ಇದ್ದಿಲು ಇರುವ ನಾಲ್ಕೈದು ಹೆಂಟೆ ಹಾಗೇ ಎತ್ತಿಡಿ, ಚೂರುಗಳನ್ನು ಕೀಳಬೇಡಿ. ಬರಿಗೈಯಲ್ಲಿ ಹೆಚ್ಚು ಮುಟ್ಟಬೇಡಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಹತ್ತಿ, ಪೇಪರು, ಅಂಟು ಬೇಡ, ಅವೂ ಕಾರ್ಬನ್ನೇ. ಡಬ್ಬಿಯ ಹೊರಗೆ ಮಂಟಪದ ಯಾವ ಮೂಲೆ, ನೆಲದಿಂದ ಎಷ್ಟು ಎತ್ತರ, ಯಾರು ತೆಗೆದದ್ದು, ತಾರೀಕು ಬರೆಯಿರಿ.

ಆಚಾರ್ರ ಮಗ

ತೊಲೆಯನ್ನೂ ಕಡೆಗಣಿಸಬೇಡಿ ಮೇಡಂ. ಮಂಜು ಅವರೇ, ನೀವು ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಸಾಗವಾನಿ ಥರ ಕಾಣುತ್ತಿಲ್ಲ, ಹೊನ್ನೆ ಇರಬೇಕು. ನೀರು ಹಾಕಿ ಒಂದು ಚೂರು ನೆನೆಸಿಡಿ, ಹೊನ್ನೆಯಾದರೆ ನೀರಿಗೆ ಬಣ್ಣ ಬಿಡುತ್ತದೆ. ಬಿದ್ದಿರುವ ಚಕ್ಕೆಯಲ್ಲಿ ಮಾಡಿ, ತೊಲೆಯನ್ನು ಕೆತ್ತಬೇಡಿ.

ಗೋಡೆಯೊಳಗೆ ಹುದುಗಿದ್ದ ತುದಿ ತೋರಿಸಿ. ಕಾಣುವ ಕಡೆ ನಾವು ನಾಲ್ಕೂ ಮೂಲೆ ಚೊಕ್ಕ ಮಾಡುತ್ತೇವೆ. ಗೋಡೆಯೊಳಗೆ ಹೋಗುವ ಕಡೆ ಯಾರು ನೋಡುತ್ತಾರೆ ಅಂತ ಒಂದು ಮೂಲೆ ದುಂಡಗೆ ಬಿಟ್ಟುಬಿಡುವುದುಂಟು.

ಚಿಂತಾಮಣಿ ಮಂಜು

ಎರಡು ತುದಿಯದೂ ಹಾಕಿದ್ದೇನೆ ಅಣ್ಣ. ಪೂರ್ವದ ಕಡೆ ತುದಿಯಲ್ಲಿ ಕೆಳಗಿನ ಮೂಲೆ ದುಂಡಗಿದೆ. ತೊಗಟೆ ಥರ ಏನೋ ಅಂಟಿಕೊಂಡಿದೆ, ಅದರ ಕೆಳಗೆ ಎರಡು ಬೆರಳಷ್ಟು ಬಿಳಿ ಮರ. ಹುಳ ತಿಂದಿದೆ, ಪೂರ್ತಿ ಹೋಗಿಲ್ಲ.

ಹರಾಜು ನಿಂತಿದೆ. 1972ರ ಕಾಯ್ದೆ ಅಂದ ತಕ್ಷಣ ಚಿಕ್ಕಪ್ಪನೇ ತೊಲೆಯನ್ನು ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದರು.

ಲ್ಯಾಬ್ ಕೋಟು

ಆ ಮೂಲೆಗೆ ಯಾರೂ ಎಣ್ಣೆ, ಹುಳದ ಔಷಧಿ ಏನೂ ಬಳಿಯದಂತೆ ನೋಡಿಕೊಳ್ಳಿ. ತೊಗಟೆ ಉದುರಿದರೆ ಉದುರಿದ್ದನ್ನೂ ಎತ್ತಿಡಿ. ಪರೀಕ್ಷೆಗೆ ಅಂತ ಒಂದೇ ಒಂದು ಚೂರು ಕಳಿಸುವುದಾದರೆ ತೊಗಟೆಯ ಕೆಳಗಿನ ಕಡೇ ಉಂಗುರದಿಂದ ಕಳಿಸಬೇಕು.

ಶಾಸನದ ಮೇಷ್ಟ್ರು

ಕಲ್ಲಿನ ಫೋಟೊ ಇವತ್ತು ಸಂಜೆಯೇ ತೆಗೆಯಿರಿ ಮಂಜು. ಕಮಾನಿಗೆ ಪೇಂಟ್ ಮಾಡುವವರು ಬಂದರೆ ಇದಕ್ಕೂ ಒಂದು ಕೋಟು ಹೊಡೆದು ಹೋಗುತ್ತಾರೆ.